ಹದಿನೆಂಟರ ಮುಂದೆ ಹದಿನೆಂಟು ಅಂಕಿ

18446744073709551615. ಹದಿನೆಂಟು ಎಂದು ಬರೆದ ಮೇಲೆ ಅದರ ಮುಂದೆ ಇನ್ನೂ ಹದಿನೆಂಟು ಅಂಕಿಗಳು ಸಾಲಾಗಿ ನಿಂತಿವೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಸುಮಾರು 1,84,467 ಕೋಟಿ ಕೋಟಿ. ಬಾಯಲ್ಲಿ ಹೇಳಲು ಇಷ್ಟು ತೊಡಕಾದರೂ ಇದನ್ನು ಗುರುತಿಸುವುದು ಬಹಳ ಸುಲಭ: 2⁶⁴ − 1. ಅರವತ್ತನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ ಒಂದು ಕಳೆದರಾಯಿತು.

ಈ ಸಂಖ್ಯೆಯನ್ನು ಎಂದೂ ನೋಡದವರು ಕೂಡ ಇದರ ಕಥೆಯನ್ನು ಕೇಳಿರುತ್ತಾರೆ. ಚದುರಂಗವನ್ನು ಕಂಡುಹಿಡಿದವನಿಗೆ ರಾಜ ‘ಏನು ಬೇಕೋ ಕೇಳು’ ಎಂದನಂತೆ. ಅವನು ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿ ಕೇಳಿದನಂತೆ. ಅರವತ್ತನಾಲ್ಕು ಮನೆಗಳ ಒಟ್ಟು ಕಾಳುಗಳೇ ಈ ಸಂಖ್ಯೆ. ಕಥೆ ಹೇಳುವವರು ರಾಜನ ಕಣಜ ಬರಿದಾದದ್ದನ್ನು ಬಣ್ಣಿಸಿ, ಕೇಳುವವರ ಹುಬ್ಬೇರಿಸಿ, ಅಲ್ಲಿಗೇ ಮುಗಿಸಿಬಿಡುತ್ತಾರೆ. ನನಗೆ ಈ ಕಥೆಯ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಸಂಖ್ಯೆ ದೊಡ್ಡದು ಎಂಬ ಒಂದೇ ಮಾತನ್ನು ಬಿಟ್ಟು ಅದು ಬೇರೇನನ್ನೂ ಹೇಳುವುದಿಲ್ಲ.

ಕಥೆಗಿಂತ ಅದರ ಲೆಕ್ಕ ಮಾಡಿದ ಬಗೆ ಸ್ವಾರಸ್ಯಕರ. ಕ್ರಿ.ಶ. 1000ದ ಸುಮಾರಿಗೆ ಅಲ್-ಬಿರೂನಿ ಈ ಮೊತ್ತವನ್ನು ಕರಾರುವಾಕ್ಕಾಗಿ ಬರೆದಿಟ್ಟಿದ್ದಾನೆ. ಅರವತ್ತನಾಲ್ಕು ಸಲ ಇಮ್ಮಡಿ ಮಾಡಿ, ಅಷ್ಟನ್ನೂ ಕೂಡುತ್ತಾ ಕೂರುವ ಶ್ರಮ ಅವನಿಗೆ ಬೇಕಾಗಲಿಲ್ಲ. ವರ್ಗದ ಮೇಲೆ ವರ್ಗ ಮಾಡುತ್ತಾ ಹೋಗುವ ಉಪಾಯ ಅವನಿಗೆ ಗೊತ್ತಿತ್ತು. 2ರ ವರ್ಗ 4, 4ರ ವರ್ಗ 16, 16ರ ವರ್ಗ 256, ಅದರ ವರ್ಗ 65536, ಅದರದ್ದು 4294967296, ಅದರದ್ದು 18446744073709551616. ಆರು ಹೆಜ್ಜೆಗೆ 2⁶⁴ ಕೈಗೆ ಬಂತು. ಎಲ್ಲ ಮನೆಗಳ ಮೊತ್ತ ಮುಂದಿನ ಮನೆಗೆ ಬರಬೇಕಾದ ಕಾಳುಗಳಿಗಿಂತ ಒಂದು ಕಡಿಮೆ. ಆದ್ದರಿಂದ ಒಂದು ಕಳೆದರೆ ಉತ್ತರ. ಈ ಆರು ಹೆಜ್ಜೆಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಇವೇ ಬೇರೆ ವೇಷದಲ್ಲಿ ಬರುತ್ತವೆ.

ಇದೇ ಸಂಖ್ಯೆ ಇನ್ನೊಂದು ಕಡೆಯಿಂದಲೂ ಬರುತ್ತದೆ. ಫ್ರಾನ್ಸಿನ ಗಣಿತಜ್ಞ ಎದೂವಾರ್ ಲೂಕಾ 1883ರಲ್ಲಿ ಹನೋಯ್ ಗೋಪುರ ಎಂಬ ಆಟವನ್ನು ಹೊರತಂದ. ಮೂರು ಕಂಬ, ಒಂದರಲ್ಲಿ ಗಾತ್ರದ ಕ್ರಮದಲ್ಲಿ ಪೇರಿಸಿದ ಬಿಲ್ಲೆಗಳು, ಒಂದು ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದು ಕೂರಬಾರದು, ಇಡೀ ರಾಶಿ ಇನ್ನೊಂದು ಕಂಬಕ್ಕೆ ಹೋಗಬೇಕು. ಆಟಿಕೆಯಲ್ಲಿ ಇದ್ದದ್ದು ಎಂಟೇ ಬಿಲ್ಲೆ, ಆದರೆ ಜೊತೆಗೆ ಹೆಣೆದ ಕಟ್ಟುಕಥೆಯಲ್ಲಿ ಅರವತ್ತನಾಲ್ಕು. ಅಷ್ಟನ್ನು ಸಾಗಿಸಲು ಕನಿಷ್ಠ 18446744073709551615 ನಡೆಗಳು ಬೇಕು. ಸೆಕೆಂಡಿಗೆ ಒಂದು ನಡೆ ಎಂದರೂ ಸುಮಾರು 58,450 ಕೋಟಿ ವರ್ಷ, ವಿಶ್ವದ ಈಗಿನ ವಯಸ್ಸಿನ ನಲವತ್ತೆರಡು ಪಟ್ಟು.

ಗಾತ್ರದ ಮಾತು ಇಲ್ಲಿಯೂ ನುಸುಳಿತು, ಇರಲಿ. ನನಗೆ ಬೇಕಾದದ್ದು ಬೇರೆ. ಅತಿ ಚಿಕ್ಕ ಬಿಲ್ಲೆ ಎಷ್ಟು ಸಲ ಚಲಿಸುತ್ತದೆ? ಒಂದು ಬಿಟ್ಟು ಒಂದು ನಡೆಯಲ್ಲಿ, ಅಂದರೆ 2⁶³ ಸಲ. ಅದರ ಕೆಳಗಿನದು 2⁶² ಸಲ. ಹೀಗೆ ಇಳಿಯುತ್ತಾ ಹೋಗಿ, ಅತಿ ದೊಡ್ಡ ಬಿಲ್ಲೆ ಒಂದೇ ಒಂದು ಸಲ, ಆಟದ ನಟ್ಟನಡುವೆ, 9223372036854775808ನೆಯ ನಡೆಯಲ್ಲಿ ಕದಲುತ್ತದೆ. ಆ ನಡೆಯ ಹಿಂದೆ ಎಷ್ಟು ನಡೆಗಳೋ ಮುಂದೆಯೂ ಅಷ್ಟೇ. ಎಲ್ಲ ಬಿಲ್ಲೆಗಳ ನಡೆಗಳನ್ನು ಕೂಡಿದರೆ ಚದುರಂಗದ ಕಾಳಿನ ಲೆಕ್ಕವೇ ತಲೆಕೆಳಗಾಗಿ ಬರುತ್ತದೆ. ಒಂದು ಕಡೆ ಕಾಳು ಏರುತ್ತವೆ, ಇನ್ನೊಂದು ಕಡೆ ನಡೆಗಳು ಇಳಿಯುತ್ತವೆ, ಮೊತ್ತ ಮಾತ್ರ ಒಂದೇ.

ಕಂಪ್ಯೂಟರಿನ ಸಂಗತಿಯನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. 64 ಬಿಟ್‌ಗಳಲ್ಲಿ ಋಣ ಚಿಹ್ನೆಯಿಲ್ಲದೆ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ ಇದೇ. ಅದಕ್ಕೆ ಒಂದು ಕೂಡಿಸಿದರೆ ಯಂತ್ರ ಸೊನ್ನೆ ತೋರಿಸುತ್ತದೆ. ಅದೇ ಬಿಟ್‌ಗಳನ್ನು ಋಣ ಚಿಹ್ನೆಯ ಲೆಕ್ಕದಲ್ಲಿ ಓದಿದರೆ ಅದು −1.

ಈಗ ಗುಣಗಳಿಗೆ ಬರೋಣ. ಒಂದು ದೊಡ್ಡ ಸಂಖ್ಯೆಯನ್ನು ಕೊಟ್ಟು ‘ಇದರ ಗುಣಗಳನ್ನು ಹೇಳಿ’ ಎಂದರೆ ಸಾಮಾನ್ಯವಾಗಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಬೆಸ ಸಂಖ್ಯೆ. ಇಪ್ಪತ್ತು ಅಂಕಿ. ಅಂಕಿಗಳ ಮೊತ್ತ 87. ಕೊನೆಯಲ್ಲಿ 5. ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳೂ ಇದರಲ್ಲಿ ಬರುತ್ತವೆ, ಒಂದನ್ನು ಬಿಟ್ಟು. ಆ ಒಂದು ಅಂಕಿ 2! ಎರಡುಗಳಿಂದಲೇ ಹುಟ್ಟಿದ ಸಂಖ್ಯೆಯಲ್ಲಿ ಎರಡು ಎಂಬ ಅಂಕಿಯೇ ಇಲ್ಲ. ಕೇಳಿದಾಗ ನಗು ಬರುತ್ತದೆ, ಹಿಂದೆಯೇ ಅನುಮಾನವೂ ಬರಬೇಕು. ಇದು ಸಂಖ್ಯೆಯ ಗುಣವೋ ಅಥವಾ ನಾವು ಅದನ್ನು ಬರೆದ ಬಗೆಯ ಗುಣವೋ? ಹತ್ತರ ಬದಲು ಬೇರೆ ಆಧಾರದಲ್ಲಿ ಬರೆದರೆ ಈ ಸೋಜಿಗ ಮಾಯವಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ನಮ್ಮ ಸಂಖ್ಯೆ ಅರವತ್ತನಾಲ್ಕು ಒಂದುಗಳ ಸಾಲು. ನಾಲ್ಕರ ಪದ್ಧತಿಯಲ್ಲಿ ಮೂವತ್ತೆರಡು ಮೂರುಗಳ ಸಾಲು. ಅಲ್ಲಿ ‘ಯಾವ ಅಂಕಿ ಕಾಣೆಯಾಗಿದೆ’ ಎಂದು ಯಾರೂ ಕೇಳುವುದಿಲ್ಲ. ಆದರೆ 5ರಿಂದ ಭಾಗವಾಗುವುದು ಯಾವ ಪದ್ಧತಿಯಲ್ಲಿ ಬರೆದರೂ ತಪ್ಪುವುದಿಲ್ಲ. ಕೊನೆಯ ಅಂಕಿ 5 ಎಂಬುದು ಅದರ ಸುಳಿವು ಮಾತ್ರ, ಕಾರಣವಲ್ಲ. ಕಾರಣ ಬೇಕೆಂದರೆ ಸಂಖ್ಯೆಯನ್ನು ಒಡೆದು ನೋಡಬೇಕು.

ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ಕಾಗದ ಪೆನ್ಸಿಲಿನಲ್ಲಿ ಒಡೆಯುವುದು ಸಾಮಾನ್ಯವಾಗಿ ಸಾಹಸವೇ ಸರಿ. ಇಲ್ಲಿ ಮಾತ್ರ ಹೈಸ್ಕೂಲಿನ ಒಂದು ಸೂತ್ರ ಸಾಕು: ಎರಡು ವರ್ಗಗಳ ವ್ಯತ್ಯಾಸ. 2⁶⁴ ಎಂದರೆ 2³²ರ ವರ್ಗ. 1 ಎಂದರೆ 1ರ ವರ್ಗ. ಹಾಗಾಗಿ

2⁶⁴ − 1 = (2³² − 1) × (2³² + 1).

ಮೊದಲ ಆವರಣ ಮತ್ತೆ ಅದೇ ರೂಪದ್ದು, ಅದನ್ನು ಮತ್ತೆ ಒಡೆಯಬಹುದು. ಆರು ಸಲ ಹೀಗೆ ಮಾಡಿದಾಗ

2⁶⁴ − 1 = (2 + 1)(2² + 1)(2⁴ + 1)(2⁸ + 1)(2¹⁶ + 1)(2³² + 1)

= 3 × 5 × 17 × 257 × 65537 × 4294967297.

ಅಲ್-ಬಿರೂನಿಯ ಆರು ವರ್ಗಗಳು ಇಲ್ಲಿ ಆರು ಆವರಣಗಳಾಗಿವೆ. ಐದರಿಂದ ಏಕೆ ಭಾಗವಾಗುತ್ತದೆ ಎಂಬುದಕ್ಕೆ ಉತ್ತರವೂ ಸಿಕ್ಕಿತು: ಎರಡನೆಯ ಆವರಣವೇ 5.

ಈ ಆವರಣಗಳ ಸಾಲನ್ನು ಸ್ವಲ್ಪ ಹೊತ್ತು ನೋಡುತ್ತಾ ಕುಳಿತರೆ ಚದುರಂಗದ ಹಲಗೆಯೇ ಅದರೊಳಗೆ ಕಾಣಿಸತೊಡಗುತ್ತದೆ. ಆರು ಆವರಣಗಳನ್ನು ಬಿಡಿಸಿ ಗುಣಿಸುವುದೆಂದರೆ ಪ್ರತಿ ಆವರಣದಿಂದಲೂ ಒಂದು ಪದವನ್ನು ಆರಿಸುವುದು: ಎರಡರ ಘಾತವನ್ನಾದರೂ ತೆಗೆದುಕೊಳ್ಳಬೇಕು, 1ನ್ನಾದರೂ ತೆಗೆದುಕೊಳ್ಳಬೇಕು. ಆರು ಕಡೆ ಎರಡೆರಡು ಆಯ್ಕೆ, ಒಟ್ಟು ಅರವತ್ತನಾಲ್ಕು. ಒಂದೊಂದು ಆಯ್ಕೆಯೂ ಹಲಗೆಯ ಒಂದೊಂದು ಮನೆ. ಹದಿನಾಲ್ಕನೆಯ ಮನೆಯಲ್ಲಿ 2¹³ ಕಾಳುಗಳಿವೆ; 13 = 8 + 4 + 1. ಆದ್ದರಿಂದ 2⁸, 2⁴, 2 ಇರುವ ಆವರಣಗಳಿಂದ ಘಾತವನ್ನು, ಉಳಿದ ಮೂರರಿಂದ 1ನ್ನು ಆರಿಸಿದರೆ ಆ ಮನೆಯ ಕಾಳು ಸಿಗುತ್ತವೆ. ಬೇರೆ ಯಾವ ಆಯ್ಕೆಯಿಂದಲೂ ಅವು ಸಿಗುವುದಿಲ್ಲ. ಅರವತ್ತನಾಲ್ಕು ಪದಗಳ ಕೂಡುವ ಲೆಕ್ಕವೂ ಆರು ಪದಗಳ ಗುಣಿಸುವ ಲೆಕ್ಕವೂ ಒಂದೇ ಆಗಿರುವುದಕ್ಕೆ ಕಾರಣ, ಪ್ರತಿ ಪೂರ್ಣಾಂಕವನ್ನೂ ಎರಡರ ಬೇರೆ ಬೇರೆ ಘಾತಗಳ ಮೊತ್ತವಾಗಿ ಒಂದೇ ಒಂದು ಬಗೆಯಲ್ಲಿ ಬರೆಯಬಹುದು ಎಂಬುದು.

3, 5, 17, 257, 65537. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಒಂದಾದ ಮೇಲೊಂದು ಹೀಗೆ ಅವಿಭಾಜ್ಯವೇ ಬರುತ್ತಿದ್ದರೆ ಆರನೆಯದೂ ಹಾಗೆಯೇ ಇರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. 1640ರಲ್ಲಿ ಪಿಯೆರ್ ದ ಫರ್ಮಾನಿಗೂ ಅನ್ನಿಸಿತು. ಎರಡರ ಮೇಲೆ ಘಾತವಾಗಿ ಎರಡರದ್ದೇ ಘಾತವನ್ನು ಇಟ್ಟು ಒಂದು ಕೂಡಿಸಿದರೆ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯ ಎಂದು ಅವನು ಪತ್ರಗಳಲ್ಲಿ ಬರೆದ. ಸಾಧನೆ ತನ್ನ ಬಳಿ ಇಲ್ಲವೆಂದೂ ಒಪ್ಪಿಕೊಂಡಿದ್ದ. ಇಂದಿಗೂ ಈ ಸಂಖ್ಯೆಗಳಿಗೆ ಅವನದೇ ಹೆಸರು.

ಸುಮಾರು ಒಂದು ಶತಮಾನದ ಬಳಿಕ, 1732ರಲ್ಲಿ, ಲಿಯೊನಾರ್ಡ್ ಆಯ್ಲರ್ 4294967297ನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ತೋರಿಸಿದ. ಭಾಗಲಬ್ಧ 6700417, ಅದೂ ಅವಿಭಾಜ್ಯ. ಈ ಸಂಖ್ಯೆಗೆ ಯಾವುದಾದರೂ ಅವಿಭಾಜ್ಯ ಅಪವರ್ತನ ಇದ್ದರೆ ಅದು 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು ಎಂಬುದನ್ನು ಮುಂದೆ ಆಯ್ಲರನೇ ಸಾಧಿಸಿದ. ಆ ಜರಡಿಯಲ್ಲಿ ಸೋಸಿದರೆ ಉಳಿಯುವ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯದಕ್ಕೇ ಗುರಿ ಸಿಕ್ಕಿತು. 1878ರಲ್ಲಿ ಲೂಕಾ, ಅದೇ ಹನೋಯ್ ಗೋಪುರದ ಲೂಕಾ, 64ರ ಜಾಗದಲ್ಲಿ 128 ಎಂದೇ ಹೇಳಬಹುದು ಎಂದು ತೋರಿಸಿದ. ಆಗ ಉಳಿಯುವುದು 257, ಅದರ ನಂತರ ನೇರವಾಗಿ 641.

641 ಹೇಗೆ ಭಾಗಿಸುತ್ತದೆ ಎಂಬುದನ್ನು ದೊಡ್ಡ ಭಾಗಾಕಾರವಿಲ್ಲದೆ ನೋಡಬಹುದು. ನನಗೆ ಇದು ಇಡೀ ಸಂಖ್ಯಾಸಿದ್ಧಾಂತದಲ್ಲಿ ಅತ್ಯಂತ ಇಷ್ಟವಾದ ನಾಲ್ಕು ಸಾಲುಗಳಲ್ಲಿ ಒಂದು. 641ನ್ನು ಎರಡು ಬಗೆಯಲ್ಲಿ ಬರೆಯಿರಿ:

641 = 5 × 2⁷ + 1
641 = 5⁴ + 2⁴

ಮೊದಲ ಸಾಲಿನ ಪ್ರಕಾರ, 641ರಿಂದ ಭಾಗಿಸಿ ಶೇಷವನ್ನಷ್ಟೇ ನೋಡುವಾಗ, 5 × 2⁷ ಎಂಬುದು −1ಕ್ಕೆ ಸಮ. ಎರಡೂ ಕಡೆ ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮ. ಎರಡನೆಯ ಸಾಲಿನ ಪ್ರಕಾರ 5⁴ ಎಂಬುದು −2⁴ಕ್ಕೆ ಸಮ. ಅದನ್ನು ಅಲ್ಲಿಡಿ: −2⁴ × 2²⁸, ಅಂದರೆ −2³², ಎಂಬುದು 1ಕ್ಕೆ ಸಮ. ಹಾಗಾದರೆ 2³² + 1 ಎಂಬುದು ಸೊನ್ನೆಗೆ ಸಮ. ಮುಗಿಯಿತು. ಹತ್ತು ಅಂಕಿಗಳ ಸಂಖ್ಯೆ ಒಡೆಯಿತು, ಅದನ್ನು ಒಮ್ಮೆಯೂ ಪೂರ್ತಿ ಬರೆಯಬೇಕಾಗಲಿಲ್ಲ.

ಅಂತೂ ನಮ್ಮ ಇಪ್ಪತ್ತು ಅಂಕಿಗಳ ಪೂರ್ತಿ ಜಾತಕ ಹೀಗಿದೆ:

3 × 5 × 17 × 257 × 641 × 65537 × 6700417.

ಏಳು ಅವಿಭಾಜ್ಯಗಳು, ಯಾವುದೂ ಎರಡನೆಯ ಸಲ ಬರುವುದಿಲ್ಲ. ಹಾಗಾಗಿ ಭಾಜಕಗಳ ಸಂಖ್ಯೆ 2⁷, ಅಂದರೆ 128. ಇಷ್ಟೆಲ್ಲ ಭಾಜಕಗಳಿದ್ದರೂ, ಸಂಖ್ಯೆಯನ್ನೇ ಬಿಟ್ಟು ಉಳಿದ 127ನ್ನು ಕೂಡಿದರೆ ಮೂಲ ಸಂಖ್ಯೆಯ ಶೇಕಡಾ 70ರಷ್ಟು ಮಾತ್ರ ಬರುತ್ತದೆ.

ಏಳು ಎಂಬುದು ಜಾಸ್ತಿಯೋ ಕಡಿಮೆಯೋ? ಇದನ್ನು ಅಳೆಯಲು ಒಂದು ಮಾನದಂಡ ಇದೆ. ಒಂದು ಸಂಖ್ಯೆಗೆ ಸಾಮಾನ್ಯವಾಗಿ ಎಷ್ಟು ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳು ಇರುತ್ತವೆ ಎಂಬ ಪ್ರಶ್ನೆಗೆ ಹಾರ್ಡಿ ಮತ್ತು ರಾಮಾನುಜನ್ 1917ರಲ್ಲಿ ಉತ್ತರ ಕೊಟ್ಟರು: ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ಮಿನ ಲಾಗರಿದಮ್ ಎಷ್ಟೋ ಸುಮಾರು ಅಷ್ಟು. ಈ ಅಳತೆ ಎಷ್ಟು ನಿಧಾನವಾಗಿ ಬೆಳೆಯುತ್ತದೆಂದರೆ, ಇಪ್ಪತ್ತು ಅಂಕಿಗಳ ಸಂಖ್ಯೆಗೂ ಅದು ನಾಲ್ಕನ್ನು ಮುಟ್ಟುವುದಿಲ್ಲ, 3.8ರ ಆಸುಪಾಸು. ನಮ್ಮದರಲ್ಲಿ ಏಳು. ಅದರ ಹುಟ್ಟೇ ಒಡೆಯುವ ರೂಪದಲ್ಲಿ ಆಗಿದೆ, ಆದ್ದರಿಂದ ಅಚ್ಚರಿಯಿಲ್ಲ.

ಯಾವ ಅವಿಭಾಜ್ಯಗಳು ಇದರೊಳಗೆ ಬರಬಹುದು, ಯಾವುವು ಬರಲಾರವು ಎಂಬುದಕ್ಕೂ ಸ್ಪಷ್ಟ ಕಾರಣವಿದೆ. 17ನ್ನು ತೆಗೆದುಕೊಂಡು 1ರಿಂದ ಇಮ್ಮಡಿ ಮಾಡುತ್ತಾ, 17 ದಾಟಿದಾಗಲೆಲ್ಲ ಶೇಷವನ್ನು ಮಾತ್ರ ಉಳಿಸಿಕೊಳ್ಳೋಣ: 1, 2, 4, 8, 16, 15, 13, 9, ಮತ್ತೆ 1. ಎಂಟು ಹೆಜ್ಜೆಗೆ ಸುತ್ತು ಮುಗಿಯಿತು. 64 ಎಂಬುದು 8ರ ಗುಣಕ, ಆದ್ದರಿಂದ ಅರವತ್ತನಾಲ್ಕನೆಯ ಹೆಜ್ಜೆಯಲ್ಲೂ 1ಕ್ಕೇ ಬಂದು ನಿಲ್ಲುತ್ತೇವೆ. ಅಂದರೆ 2⁶⁴ರ ಶೇಷ 1, 2⁶⁴ − 1ರ ಶೇಷ 0. ಇದೇ ಆಟವನ್ನು 7ರ ಜೊತೆ ಆಡಿ: 1, 2, 4, ಮತ್ತೆ 1. ಮೂರು ಹೆಜ್ಜೆಯ ಸುತ್ತು. 64ರಲ್ಲಿ 3 ಸರಿಯಾಗಿ ಕೂರುವುದಿಲ್ಲ, ಒಂದು ಹೆಜ್ಜೆ ಉಳಿಯುತ್ತದೆ. ಹಾಗಾಗಿ 7 ಎಂದಿಗೂ ನಮ್ಮ ಸಂಖ್ಯೆಯನ್ನು ಭಾಗಿಸಲಾರದು. ಸುತ್ತಿನ ಉದ್ದ 64ನ್ನು ಭಾಗಿಸುವಂತಿದ್ದರೆ ಮಾತ್ರ ಒಳಗೆ ಪ್ರವೇಶ. 3ರ ಸುತ್ತು 2, 5ರದ್ದು 4, 17ರದ್ದು 8, 257ರದ್ದು 16, 65537ರದ್ದು 32. 641 ಮತ್ತು 6700417 ಇವೆರಡರದ್ದೂ ಪೂರಾ 64. ಬೇರೆ ಯಾವ ಅವಿಭಾಜ್ಯದ ಸುತ್ತೂ ಹೀಗಿಲ್ಲ.

ಫರ್ಮಾನ ಊಹೆ ಸುಳ್ಳಾದದ್ದರಿಂದ ನಮ್ಮ ಸಂಖ್ಯೆಗೆ ಆದ ನಷ್ಟವೇನು ಎಂದು ಕೇಳಬಹುದು. ಎರಡು ಕಡೆ ಅದು ಎದ್ದು ಕಾಣುತ್ತದೆ.

ಒಂದನೆಯದು. ನಮ್ಮ ಸಂಖ್ಯೆಗಿಂತ ಚಿಕ್ಕದಾಗಿದ್ದು, ಅದರ ಜೊತೆ 1ನ್ನು ಬಿಟ್ಟರೆ ಬೇರೆ ಯಾವ ಸಾಮಾನ್ಯ ಭಾಜಕವೂ ಇಲ್ಲದ ಸಂಖ್ಯೆಗಳನ್ನು ಎಣಿಸಿ. ಇದಕ್ಕೆ ಆಯ್ಲರನ ಸೂತ್ರವಿದೆ: ಬಿಡಿ ಅವಿಭಾಜ್ಯಗಳಿಂದ ಒಂದೊಂದು ಕಳೆದು ಗುಣಿಸಬೇಕು. 2 × 4 × 16 × 256 × 65536 ಎಂಬಲ್ಲಿಯವರೆಗೆ ಎಲ್ಲವೂ ಎರಡರ ಘಾತಗಳು, ಒಟ್ಟು 2³¹. ಕೊನೆಯ ಆವರಣವೂ ಅವಿಭಾಜ್ಯವಾಗಿದ್ದರೆ ಇನ್ನೊಂದು 2³² ಸೇರಿ, ಉತ್ತರ ಸರಿಯಾಗಿ 2⁶³, ಅಂದರೆ 9223372036854775808 ಆಗುತ್ತಿತ್ತು. ಆದರೆ ಅದರ ಬದಲು 640 × 6700416 ಬಂದು ಕೂತಿದೆ. ಉತ್ತರ 9208981628670443520, ನಮ್ಮ ಸಂಖ್ಯೆಯ ಶೇಕಡಾ 49.92. ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. ಆ ಕೂದಲೆಳೆಯನ್ನು ಕತ್ತರಿಸಿದ್ದು 641.

ಎರಡನೆಯದು ರೇಖಾಗಣಿತಕ್ಕೆ ಸೇರಿದ್ದು. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಮಾತ್ರ ಬಳಸಿ ಎಷ್ಟು ಬಾಹುಗಳ ನಿಯಮಿತ ಬಹುಭುಜಾಕೃತಿಗಳನ್ನು ರಚಿಸಬಹುದು? 3 ಮತ್ತು 5 ಗ್ರೀಕರಿಗೆ ಗೊತ್ತಿತ್ತು. 1796ರ ಮಾರ್ಚ್ 30ರಂದು, ಹತ್ತೊಂಬತ್ತು ತುಂಬುವ ಮುನ್ನವೇ, ಗೌಸ್ 17 ಬಾಹುಗಳದ್ದೂ ಸಾಧ್ಯ ಎಂದು ಕಂಡುಕೊಂಡ. ಬೆಸ ಬಾಹುಗಳ ಆಕೃತಿ ಬೇಕಿದ್ದರೆ ಬಾಹುಗಳ ಸಂಖ್ಯೆ ಬೇರೆ ಬೇರೆ ಅವಿಭಾಜ್ಯ ಫರ್ಮಾ ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಸಾಕು ಎಂದು ಗೌಸ್ ತೋರಿಸಿದ. ಹಾಗಿರಲೇಬೇಕು ಎಂಬುದನ್ನು 1837ರಲ್ಲಿ ಪಿಯೆರ್ ವಾಂಟ್ಸೆಲ್ ಸಾಧಿಸಿದ. 257 ಬಾಹುಗಳ ರಚನೆಯನ್ನು 1832ರಲ್ಲಿ ರಿಶೆಲೊ ಪ್ರಕಟಿಸಿದ. 65537 ಬಾಹುಗಳ ಹಿಂದೆ ಹರ್ಮೆಸ್ ಎಂಬಾತ ಸುಮಾರು ಹತ್ತು ವರ್ಷ ಬಿದ್ದು, 1894ರಲ್ಲಿ ಮುಗಿಸಿದ; ಆ ಹಸ್ತಪ್ರತಿ ಗಟಿಂಗನ್ ವಿಶ್ವವಿದ್ಯಾಲಯದ ಪಾಲಾಯಿತು. ಅಷ್ಟು ಬಾಹುಗಳ ಆಕೃತಿಯನ್ನು ಕಾಗದದ ಮೇಲೆ ಬರೆದರೆ ಅದಕ್ಕೂ ವೃತ್ತಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಹತ್ತು ವರ್ಷದ ಆ ಹಟಕ್ಕೆ ಏನು ಹೇಳಬೇಕೋ ತಿಳಿಯದೆ ನಾನು ಸುಮ್ಮನೆ ಕೈಮುಗಿಯುತ್ತೇನೆ.

ಗೊತ್ತಿರುವ ಐದೂ ಫರ್ಮಾ ಅವಿಭಾಜ್ಯಗಳನ್ನು ಗುಣಿಸಿದರೆ 4294967295, ಅಂದರೆ 2³² − 1, ನಮ್ಮ ಸಂಖ್ಯೆಯ ಮೊದಲ ತುಂಡು. ಹೀಗೆ ರಚಿಸಬಹುದೆಂದು ನಮಗೆ ತಿಳಿದಿರುವ ಬೆಸ ಬಾಹುಗಳ ಆಕೃತಿಗಳಲ್ಲಿ ಅದೇ ಅತಿ ದೊಡ್ಡದು. ಫರ್ಮಾ ಹೇಳಿದ್ದು ನಿಜವಾಗಿದ್ದರೆ 18446744073709551615 ಬಾಹುಗಳದ್ದೂ ಸಾಧ್ಯವಾಗುತ್ತಿತ್ತು. 641 ಅಡ್ಡ ಬಂತು.

ಇದೇ ಸಾಲು ಇನ್ನೊಂದು ಅನಿರೀಕ್ಷಿತ ಜಾಗದಲ್ಲೂ ತಲೆಹಾಕುತ್ತದೆ. ಪಾಸ್ಕಲನ ತ್ರಿಕೋನ, ಛಂದಸ್ಸಿನವರ ಮೇರು ಪ್ರಸ್ತಾರ, ನಿಮಗೆ ಗೊತ್ತಿರಬಹುದು: ಅಂಚಿನಲ್ಲಿ ಒಂದುಗಳು, ಒಳಗಿನ ಪ್ರತಿ ಸಂಖ್ಯೆಯೂ ಮೇಲಿನ ಎರಡರ ಮೊತ್ತ. ಅದರಲ್ಲಿ ಬೆಸ ಸಂಖ್ಯೆಯಿದ್ದ ಕಡೆ 1, ಸಮ ಸಂಖ್ಯೆಯಿದ್ದ ಕಡೆ 0 ಬರೆದು, ಪ್ರತಿ ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿ. ಮೊದಲ ಸಾಲು 1. ಎರಡನೆಯದು 11, ಅಂದರೆ 3. ಮೂರನೆಯದು 1, 2, 1. ಅದು 101 ಆಗಿ 5. ನಾಲ್ಕನೆಯದು 1, 3, 3, 1. ಅದು 1111 ಆಗಿ 15. ಮುಂದೆ 17, 51, 85, 255, 257. ಇವು ಒಂದೊಂದೂ ಬೇರೆ ಬೇರೆ ಫರ್ಮಾ ಸಂಖ್ಯೆಗಳ ಗುಣಲಬ್ಧಗಳು, ಒಂದೂ ತಪ್ಪಿಹೋಗದಂತೆ, ಏರಿಕೆಯ ಕ್ರಮದಲ್ಲಿ. ಮೂವತ್ತೆರಡನೆಯ ಸಾಲಿಗೆ 4294967295 ಬರುತ್ತದೆ. ಅಲ್ಲಿಯವರೆಗೆ, ಮೊದಲನೆಯ 1ನ್ನು ಬಿಟ್ಟರೆ, ಪ್ರತಿ ಸಾಲೂ ಕೈವಾರಕ್ಕೆ ಒಲಿಯುವ ಒಂದು ಬೆಸ ಬಹುಭುಜ. ಮೂವತ್ತಮೂರನೆಯ ಸಾಲು 4294967297, ಅಲ್ಲಿ ಆ ನಂಟು ಕಡಿಯುತ್ತದೆ. ತ್ರಿಕೋನಕ್ಕೆ ಮಾತ್ರ ಅದರ ಗೊಡವೆಯಿಲ್ಲ, ಅದು ತನ್ನ ಪಾಡಿಗೆ ಬೆಳೆಯುತ್ತದೆ. ಅರವತ್ತನಾಲ್ಕನೆಯ ಸಾಲಿನಲ್ಲಿ ಇರುವ ಅರವತ್ತನಾಲ್ಕು ಸಂಖ್ಯೆಗಳೂ ಬೆಸ. ಓದಿದರೆ 18446744073709551615.

ಇಷ್ಟು ಹೊತ್ತು ಒಂದೇ ಸಂಖ್ಯೆಯ ಸುತ್ತ ತಿರುಗಿದೆವು. ಅದರ ಅಕ್ಕಪಕ್ಕದವರನ್ನು ನೋಡಿದಾಗಲೇ ನನಗೆ ನಿಜವಾಗಿ ಹೇಳಬೇಕಾದ ಮಾತು ಸಿಗುವುದು.

ಒಂದು ಕೂಡಿಸಿ: 18446744073709551616. ಕೊನೆಯ ಅಂಕಿಯೊಂದೇ ಬದಲಾಯಿತು. ಒಳಗೆ ಮಾತ್ರ ಏಳು ಅವಿಭಾಜ್ಯಗಳಲ್ಲಿ ಒಂದೂ ಉಳಿಯಲಿಲ್ಲ. ಅರವತ್ತನಾಲ್ಕು ಎರಡುಗಳನ್ನು ಬಿಟ್ಟು ಬೇರೇನೂ ಇಲ್ಲ. ಒಂದು ಕಳೆಯಿರಿ: 18446744073709551614. ಇದು 2 × 7² × 73 × 127 × 337 × 92737 × 649657. ನಮ್ಮ ಸಂಖ್ಯೆಗೆ ಕಾಲಿಡಲಾಗದ 7 ಇಲ್ಲಿ ಎರಡೆರಡು ಸಲ ಕೂತಿದೆ. ಇದು 2 × (2⁶³ − 1); 7ರ ಮೂರು ಹೆಜ್ಜೆಯ ಸುತ್ತು 63ರಲ್ಲಿ ಸರಿಯಾಗಿ ಕೂರುತ್ತದೆ, ಅಷ್ಟೇ. ಒಂದರ ಪಕ್ಕದ ಇನ್ನೊಂದು ಪೂರ್ಣಾಂಕ ಅದರ ಜೊತೆ ಯಾವ ಅವಿಭಾಜ್ಯವನ್ನೂ ಹಂಚಿಕೊಳ್ಳಲಾರದು ಎಂಬುದು ಬಹಳ ಹಳೆಯ ಸಂಗತಿ. ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವಾದ 1ನ್ನೂ ಭಾಗಿಸಬೇಕಾಗುತ್ತದೆ. ಆದರೆ ಇಪ್ಪತ್ತು ಅಂಕಿಗಳನ್ನು ಬಿಡಿಸಿಟ್ಟು ನೋಡಿದಾಗ ಆ ಸಂಗತಿಗೆ ಬೇರೆಯೇ ತೂಕ ಬರುತ್ತದೆ. ಕೂಡುವ ಲೆಕ್ಕದಲ್ಲಿ ನೆರೆಮನೆಯವರಾದವರು ಗುಣಿಸುವ ಲೆಕ್ಕದಲ್ಲಿ ನೆಂಟರಾಗಿರುವುದಿಲ್ಲ. 3ಕ್ಕೂ ನಮ್ಮ ಸಂಖ್ಯೆಗೂ ನಡುವೆ ಲೆಕ್ಕವಿಲ್ಲದಷ್ಟು ದೂರ, ಆದರೂ ರಕ್ತಸಂಬಂಧ. ಪಕ್ಕದ ಮನೆಯ ಜೊತೆ ಗೋಡೆಯೊಂದೇ ಸಾಮಾನ್ಯ. ದೊಡ್ಡ ಸಂಖ್ಯೆಗಳನ್ನು ಗಾತ್ರದಿಂದ ಅಳೆಯುವುದರಲ್ಲಿ ನನಗೆ ರುಚಿ ಇಲ್ಲದಿರುವುದು ಇದಕ್ಕೇ. ಗಾತ್ರವೆಂದರೆ ಸಾಲಿನಲ್ಲಿ ಎಲ್ಲಿ ನಿಂತಿದೆ ಎಂಬುದಷ್ಟೇ; ಒಳಗೇನಿದೆ ಎಂಬುದನ್ನು ಅದು ಹೇಳುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ 18446744073709551617, ಅಂದರೆ 2⁶⁴ + 1, ಸಾಲಿನ ಮುಂದಿನ ಫರ್ಮಾ ಸಂಖ್ಯೆ. ನಮ್ಮದು ಹೈಸ್ಕೂಲಿನ ಸೂತ್ರಕ್ಕೆ ಆರು ತುಂಡಾಯಿತು. ಇದಕ್ಕೆ ಆ ಸೂತ್ರ ನಾಟುವುದಿಲ್ಲ. ಇದರ ಅಪವರ್ತನಗಳು ಎರಡೇ: 274177 ಮತ್ತು 67280421310721. ಟಾಮಸ್ ಕ್ಲೌಸೆನ್ 1855ರಲ್ಲಿ ಗೌಸನಿಗೆ ಬರೆದ ಪತ್ರದಲ್ಲಿ ಇವು ಇದ್ದವು, ಆದರೆ ಆ ಸಂಗತಿ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಅದರ ಅರಿವಿಲ್ಲದೆ ಫಾರ್ಚುನೆ ಲಾಂದ್ರಿ 1880ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ತಾನೇ ಮತ್ತೆ ಕಂಡುಹಿಡಿದ. 274177 ಎಂದರೆ 256 × 1071 + 1. ಲೂಕಾನ ನಿಯಮ ಕೈಯಲ್ಲಿದ್ದರೆ (ಈ ಸಂಖ್ಯೆಗೆ ಅಲ್ಲಿನ 128ರ ಜಾಗದಲ್ಲಿ 256 ಬರುತ್ತದೆ) 256ರ ಗುಣಕಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ತಾಳ್ಮೆಯಿಂದ ಅಲ್ಲಿಗೆ ತಲುಪಬಹುದು. ಎರಡು ಹೆಜ್ಜೆ ಹಿಂದಿರುವ ನಮ್ಮ ಸಂಖ್ಯೆಗೆ ಅಂಥ ತಾಳ್ಮೆ ಬೇಕಾಗಲೇ ಇಲ್ಲ.

ಇದೇ ಬೀದಿಯಲ್ಲಿ ಅವಿಭಾಜ್ಯಗಳೂ ಇವೆ. 2⁶⁴ಕ್ಕಿಂತ 59 ಹಿಂದೆ 18446744073709551557; 13 ಮುಂದೆ 18446744073709551629. ಇವೆರಡರ ನಡುವಿನ 71 ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಲ್ಲ. ಈ ಗಾತ್ರದಲ್ಲಿ ಸರಾಸರಿ ಸುಮಾರು 44ಕ್ಕೆ ಒಂದು ಅವಿಭಾಜ್ಯ ಸಿಗಬೇಕು, ಹಾಗಾಗಿ ಅಂತರ ಸ್ವಲ್ಪ ಹೆಚ್ಚೇ.

ನಮ್ಮ ಸಂಖ್ಯೆಯನ್ನೂ 2⁶⁴ + 1ನ್ನೂ ಗುಣಿಸಿದರೆ 2¹²⁸ − 1. ಏಳು ಅವಿಭಾಜ್ಯಗಳಿಗೆ ಲಾಂದ್ರಿಯ ಎರಡು ಸೇರಿ ಒಂಬತ್ತಾಯಿತು. ಅದರ ಮುಂದಿನದು 2²⁵⁶ − 1; ಅಲ್ಲಿ ಹೊಸದಾಗಿ ಸೇರುವುದು 39 ಅಂಕಿಗಳ 2¹²⁸ + 1. ಅದು ಅವಿಭಾಜ್ಯವಲ್ಲ ಎಂಬುದನ್ನು ಮೋರ್‌ಹೆಡ್ ಮತ್ತು ವೆಸ್ಟರ್ನ್ 1905ರಲ್ಲಿ ಪ್ರತ್ಯೇಕವಾಗಿ ತೋರಿಸಿದರು. ಅದಕ್ಕೆ ಅವರು ಬಳಸಿದ್ದು 1877ರಲ್ಲಿ ಪೆಪಾಂ ಕೊಟ್ಟ ಪರೀಕ್ಷೆ. ಅದು 3ರ ಒಂದು ದೊಡ್ಡ ಘಾತದ ಶೇಷ ನೋಡಿ ‘ಅವಿಭಾಜ್ಯ ಹೌದು’ ಅಥವಾ ‘ಅಲ್ಲ’ ಎಂದಷ್ಟೇ ಹೇಳುತ್ತದೆ, ಯಾವುದರಿಂದ ಒಡೆಯುತ್ತದೆ ಎಂದು ಹೇಳುವುದಿಲ್ಲ. ಒಡೆಯುತ್ತದೆ ಎಂದು ಖಚಿತವಾಗಿ ಗೊತ್ತಿದ್ದೂ ಎಲ್ಲಿ ಒಡೆಯುತ್ತದೆ ಎಂದು ಗೊತ್ತಿಲ್ಲದೆ ಅರವತ್ತೈದು ವರ್ಷ ಕಳೆದವು. 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಕಂಪ್ಯೂಟರಿನ ನೆರವಿನಿಂದ ಎರಡು ತುಂಡುಗಳನ್ನು ಹೊರತೆಗೆದರು: 59649589127497217 ಮತ್ತು 5704689200685129054721.

ಆಮೇಲೆ ಒಂದೊಂದಾಗಿ ದಾರಿ ತೆರೆಯಿತು. 2²⁵⁶ + 1ನ್ನು ಬ್ರೆಂಟ್ ಮತ್ತು ಪೊಲಾರ್ಡ್ 1980ರಲ್ಲಿ, 2⁵¹² + 1ನ್ನು ಲೆನ್‌ಸ್ಟ್ರಾ ಸಹೋದರರು, ಮನಾಸ್ ಮತ್ತು ಪೊಲಾರ್ಡ್ 1990ರಲ್ಲಿ ಪೂರ್ತಿ ಒಡೆದರು. 2²⁰⁴⁸ + 1 ಅದಕ್ಕೂ ಮೊದಲು, 1988ರಲ್ಲೇ, ಬ್ರೆಂಟ್ ಕೈಯಲ್ಲಿ ಮುಗಿದಿತ್ತು. ನಡುವಿನ 2¹⁰²⁴ + 1 ಮಾತ್ರ 1995ರವರೆಗೆ ಕಾಯಿಸಿತು. ಹೀಗಾಗಿ 2⁴⁰⁹⁶ − 1ರವರೆಗೆ ಈ ವಂಶದ ಪ್ರತಿಯೊಂದು ಸಂಖ್ಯೆಯ ಪೂರ್ತಿ ಅಪವರ್ತನ ನಮ್ಮ ಕೈಯಲ್ಲಿದೆ. ಮುಂದಿನದು 2⁸¹⁹² − 1. ಅಲ್ಲಿ ಹೊಸದಾಗಿ ಸೇರುವ 2⁴⁰⁹⁶ + 1ಕ್ಕೆ ಆರು ಅವಿಭಾಜ್ಯ ಅಪವರ್ತನಗಳು ಸಿಕ್ಕಿವೆ. ಉಳಿದಿರುವ 1133 ಅಂಕಿಗಳ ತುಂಡು ಅವಿಭಾಜ್ಯವಲ್ಲ ಎಂಬುದು ಗೊತ್ತು, ಅದನ್ನು ಇನ್ನೂ ಒಡೆದಿಲ್ಲ.